ಉಸುಕಿನ ತಮ್ಮ, ಉಪ್ಪಿನ ಅಣ್ಣ

ಹತ್ತಿ ತುಂಬಿದ ಅಂಡಗಿ ಚೀಲದೊಳಗ ಮೊಳಕೈ ತನಕ ಕೈ ಹಾಕಿ, ಕಣ್ಣು ಮುಚ್ಚಿ, "ಇದಕ್ಕ ನೀರು ಕುಡಿಸ್ಯಾರ, ನಾಕು ಶೇರು!" ಅಂತ ಹೇಳೂ ಗಂಡಸು ನರಗುಂದದಿಂದ ಗಜೇಂದ್ರಗಡದ ತನಕ ಒಬ್ಬನ ಒಬ್ಬ ಅದಾನ. ರೋಣದ ಪ್ರಭುಲಿಂಗಪ್ಪ. ಅಂದ್ರ ನಾನು! ತೂಕ ಏರಲಿ ಅಂತ ಹತ್ತಿಗೆ ನೀರು ಚಿಮುಕಿಸಿ ತರೋ ಕಿಲಾಡಿಗೋಳು ನನ್ನ ಅಂಗಡಿ ಮುಂದ ಬಂಡಿ ನಿಂದ್ರಸಾಕ ಹೆದರತಾರ. ಕಂಪನಿ ಸರಕಾರದ ಸಾಹೇಬರು ಅಮೇರಿಕಾದ ಹತ್ತಿ ಬೀಜ ಹಂಚಿಕೋತ ನಮ್ಮ ಕಡೆ ಬಂದಾಗ, ಅವರ ಸಂಗಾಟ ಬಂದ ಕಾರಕೂನ ನನ್ನ ಕೈಚಳಕ ನೋಡಿ "ವಾಹ್ವಾ" ಅಂದಿದ್ದ. ಸುಳ್ಳಲ್ಲ, ಎರಡು ಸಲ ಅಂದಿದ್ದ.

ಅಂಥಾ ನಾನು ಈ ಸಲ ಯುಗಾದಿ ದಿನ, ಬಾಯಾಗ ಬೇವು-ಬೆಲ್ಲ ಇಟಗೊಂಡು, ಮನಿ ಮಂದಿ ಮುಂದ ಎದಿ ಸೆಟಸಿ ನಿಂತು ಸಾರಿದ್ನಿ: "ಇವತ್ತಿನಿಂದ ಪ್ರಭುಲಿಂಗಪ್ಪಗೂ ಉಪ್ಪಿಗೂ ಋಣ ಹರೀತು! ಇನ್ನ ಮ್ಯಾಲ ಉಪ್ಪಿನ ಹರಳು ನನ್ನ ನಾಲಗಿ ಮುಟ್ಟಿದ್ರ ನಾನು ನಾನಲ್ಲ!"

ನಮ್ಮಾಕಿ ಶೇಖವ್ವ ಪಾತ್ರಿ ತಿಕ್ಕೋದು ನಿಂದ್ರಸಿ ತಲಿ ಎತ್ತಿ ನೋಡಿದ್ಳು.

"ಎದಿ ಭಾಳ ಸೆಟಸಬ್ಯಾಡ್ರಿ. ಅದು ದಣದೈತಿ ಅಂತ ಹಕೀಮರು ಹೇಳ್ಯಾರ," ಅಂದ್ಳು.

ಹೌದ್ರಿ, ಇಷ್ಟಕ್ಕೆಲ್ಲಾ ಕಾರಣ ಈ ಎದಿನ. ಶಿವರಾತ್ರಿ ಹಿಂದ-ಮುಂದ ನನ್ನ ಕಾಲಾಗಿನ ಜೋಡು ಬಿಗಿ ಆದವು. ಜೋಡು ಹೊಲಿಯಾಂವನ್ನ ಕರೆಸಿ, "ಏನಪಾ, ಕುಗ್ಗೂ ಅಂಥಾ ತೊಗಲು ಹಾಕೀಯಲ್ಲ!" ಅಂತ ಬೈದು ಹೊಸಾವು ಮಾಡಿಸಿದ್ನಿ. ಎಂಟು ದಿನದಾಗ ಅವೂ ಬಿಗಿ! ಮತ್ತ ಬೈದ್ನಿ, ಮತ್ತ ಮಾಡಿಸಿದ್ನಿ. ಮೂರನೇ ಸಲ ಅಂವ ಕೈ ಮುಗಿದು, "ಸಾವಕಾರ್ರ, ತೊಗಲು ಕುಗ್ಗಿಲ್ರಿ, ಕಾಲು ಹಿಗ್ಯಾವು," ಅಂದ. ಅಷ್ಟರಾಗ ಅಂಗಡಿಯಿಂದ ಹಿತ್ತಲಕ್ಕ ಹೋಗೂದ್ರಾಗ ಮೂರು ಸಲ ಕುಂದ್ರೂ ಹಾಂಗ ಆಗಿತ್ತು. ಅಂಗಾತ ಮಲಗಿದ್ರ ಎದಿ ಮ್ಯಾಲ ಯಾರೋ ಅಂಡಗಿ ಒಗದಂಗ ದಮ್ಮು ಹತ್ತತಿತ್ತು. ಗ್ವಾಡಿಗೆ ಅಂಡಗಿ ಆನಿಸಿ, ಅದಕ್ಕ ಆತು ಕುಂತ ನಿದ್ದಿ ಮಾಡತಿದ್ನಿ. ಮಂದಿ ಕೇಳಿದ್ರ "ಹತ್ತಿ ಕಾಯಾಕ ಹತ್ತೀನಿ" ಅಂತಿದ್ನಿ.

ಒಂದಿನ ಶೇಖವ್ವ ನನ್ನ ಮುಂದ ಕುಂತು, ನನ್ನ ಮೊಳಕಾಲ ಕೆಳಗ ಬಟ್ಟಿನಿಂದ ಒತ್ತಿದ್ಳು. ಬಟ್ಟು ತಗದ ಮ್ಯಾಲೂ ಅಲ್ಲಿ ಸಣ್ಣ ಕುಣಿ ಹಾಂಗ ಉಳೀತು. ಅಕಿ ಆ ಕುಣಿ ನೋಡಿದ್ಳು, ನನ್ನ ಮಾರಿ ನೋಡಿದ್ಳು.

"ಇದರಾಗ ನೀರೈತಿ," ಅಂದ್ಳು.

ಮೂವತ್ತು ವರ್ಷ ಮಂದಿ ಹತ್ತಿಯೊಳಗಿನ ನೀರು ಹಿಡದಾಂವಗ ತನ್ನ ಕಾಲಾಗಿನ ನೀರು ತಿಳೀಲಿಲ್ಲ! ನಮ್ಮಾಕಿ ಒಂದು ಬಟ್ಟಿನಾಗ ಹಿಡದ್ಳು.

ನರಗುಂದದ ಹಕೀಮ ಫಕ್ರುಸಾಬರು ಸಂತಿ ದಿನ ನಮ್ಮೂರಿಗೆ ಬರ್ತಿದ್ರು. ಅವರನ್ನ ಕರೆಸಿದ್ವಿ. ನನ್ನ ಎದಿಗೆ ಕಿವಿ ಹಚ್ಚಿ ಭಾಳ ಹೊತ್ತು ಕೇಳಿದ್ರು. ಕಾಲು ಒತ್ತಿದ್ರು, ಕುತ್ತಿಗಿ ನರ ನೋಡಿದ್ರು. ಆಮ್ಯಾಲ ಗಡ್ಡ ನೀವಿಕೋತ ಹೇಳಿದ್ರು:

"ಸಾವಕಾರ್ರ, ನಿಮ್ಮ ಎದಿ ನಿಂತಿಲ್ಲ, ದಣದೈತಿ. ಬಾವಿಯಿಂದ ನೀರು ಎಳಿಯೋ ಎತ್ತು ದಣದ್ರ ಏನಾಗ್ತೈತಿ? ನೀರು ಹೊಲಕ್ಕ ಮುಟ್ಟೂದಿಲ್ಲ, ಅಲ್ಲಲ್ಲೇ ನಿಂತು ರಾಡಿ ಆಗ್ತೈತಿ. ನಿಮ್ಮ ಕಾಲಾಗ ನಿಂತದ್ದು ಆ ನೀರು. ಎದಿ ಕಡೆನೂ ಏರಾಕ ಹತ್ತೇತಿ, ಅದಕ್ಕ ಈ ದಮ್ಮು."

"ಹಂಗಾರ ಹೊಸಾ ಎತ್ತು ಕಟ್ರಿ!" ಅಂದ್ನಿ. ವ್ಯಾಪಾರಸ್ಥ ನೋಡ್ರಿ ನಾನು.

"ಇದು ದನದ ಸಂತಿ ಅಲ್ರಿ. ಇದ್ದ ಎತ್ತಿನ್ನ ಜ್ವಾಕಿ ಮಾಡ್ಕೋಬೇಕು. ಖರೇ ಹೇಳಬೇಕಂದ್ರ ಇದು ಬಿಟ್ಟು ಹೋಗೂ ಬ್ಯಾನಿ ಅಲ್ಲ. ಆದ್ರ ಇದರ ಸಂಗಾಟ ಚಲೋ ಬಾಳ್ವಿ ಮಾಡಬಹುದು. ಹೆಂಡತಿ ಸಂಗಾಟ ಇಷ್ಟು ವರ್ಷ ಮಾಡಿಲ್ಲೇನು, ಹಾಂಗ."

ಒಳಗಿಂದ ನಮ್ಮಾಕಿ ದನಿ ಬಂತು: "ಹಕೀಮರ, ಬಾಳ್ವಿ ಮಾಡಿದಾಕಿ ನಾನ್ರಿ!"

ಹಕೀಮರು ನಕ್ಕು, ಮುಂದಿನ ಹುಕುಮು ಆಕಿಗೇ ಹೇಳಾಕ ಹತ್ತಿದ್ರು. ನನ್ನ ಕಡೆ ತಿರುಗಿ ಸೈತ ನೋಡಲಿಲ್ಲ! ಮೈಯಾಗಿನ ನೀರು ಇಳಸೋ ಕೊಮ್ಮಿ ಬೇರಿನ ಕಷಾಯ ಎರಡು ಹೊತ್ತು. ಮುಂಜಾನಿಂದ ಸಂಜಿ ತನಕ ಕುಡಿಯಾಕ ಒಂದ ತಂಬಿಗಿ ನೀರು. ಮಲಗುವಾಗ ಬೆನ್ನಿಗೆ ಎತ್ತರಕ್ಕ ಹಾಸಗಿ. ದಿನಾ ಸಾವಕಾಶ ನಾಕು ಹೆಜ್ಜಿ ಅಡ್ಡಾಡೂದು. ಎಲ್ಲಾಕಿಂತ ದೊಡ್ಡದು, ಉಪ್ಪು ಬಂದ್!

ಇಲ್ಲೇ ನೋಡ್ರಿ ಶಿವನ ಆಟ. ನಾನು ಹತ್ತಿ ವ್ಯಾಪಾರಿ ಅಂತ ಹೇಳಿದ್ನಿ, ಅರ್ಧಾನ ಹೇಳಿದ್ನಿ. ಹತ್ತಿ ಹೇರಿಕೊಂಡು ಕುಮಟಾ ಬಂದರಕ್ಕ ಹೋದ ಬಂಡಿಗೋಳು ಖಾಲಿ ಬರ್ತಾವೇನು? ಉಪ್ಪು ಹೇರಿಕೊಂಡ ಬರ್ತಾವು! ಅರ್ಧಾ ರೋಣ, ಪೂರಾ ಸವಡಿ, ಇಟಗಿ ಮಂದಿ ಸಾರಿಗೆ ಹಾಕೂದು ನಮ್ಮ ಅಂಗಡಿ ಉಪ್ಪು. ಊರಿಗೆಲ್ಲಾ ಉಪ್ಪು ಕೊಡೋ ಪುಣ್ಯಾತ್ಮಗ ಉಪ್ಪು ಬಂದ್! ಆದ್ರೂ ನಾನು ಅಂಜಲಿಲ್ಲ. ಅದಕ್ಕ ಯುಗಾದಿ ದಿನದ ಆ ಮಹಾ ಪ್ರತಿಜ್ಞಾ.

ಪ್ರತಿಜ್ಞಾ ನಂದು, ಆದ್ರ ತಲಿ ನಮ್ಮಾಕಿದು. ನೋಡಾಕ ಬಂದ ದಿನ ಹಕೀಮರು ಹೊಂಡೂ ಮುಂದ ಆಕಿ ಒಂದ ಮಾತು ಕೇಳಿದ್ಳು: "ನೀರು ಮತ್ತ ಏರಾಕ ಹತ್ತಿದ್ರ ಲಗೂ ತಿಳಿಯೋದು ಹ್ಯಾಂಗ್ರಿ?"

"ಕಾಲು ನೋಡ್ಕೋತ ಇರ್ರಿ."

"ಕಾಲಿಗೆ ಕಾಣೂ ಹೊತ್ತಿಗೆ ಹೊತ್ತಾಗಿರ್ತೈತಲ್ರಿ. ಹತ್ತಿಗೆ ನೀರು ಹಾಕಿದ್ರ ಕಣ್ಣಿಗೆ ಕಾಣೂದಿಲ್ಲ. ತೂಕಕ್ಕ ಕಾಣತೈತಿ. ಇವರ್ನೂ ದಿನಾ ತೂಕಕ್ಕ ಹಾಕಿದ್ರ?"

ಫಕ್ರುಸಾಬರು ಗಡ್ಡದ ಮ್ಯಾಲಿನ ಕೈ ತಗದ್ರು. "ತಾಯಿ, ಇದು ನಮ್ಮ ಯಾ ಕಿತಾಬಿನಾಗೂ ನಾ ಓದಿಲ್ಲ," ಅಂದ್ರು.

ಓದು ಬರಹ ಬಾರದ ಹೆಣಮಗಳು, ಹಕೀಮರ ತಲಿ ತೂಗಿಸಿದ್ಳಲ್ಲ! ನನಗ ಒಳಗೊಳಗ ಹೆಮ್ಮಿ ಅನಿಸ್ತು. ಹೊರಗ ಮಾತ್ರ ಕೂಗಾಡಿದ್ನಿ: "ಪಡಸಾಲ್ಯಾಗ ಹತ್ತಿ ತೂಗೂ ತಕ್ಕಡ್ಯಾಗ ನಾ ಕುಂದ್ರಬೇಕೇನು? ಪ್ಯಾಟಿ ಮಂದಿ ಏನಂದಾರು!"

"ನಾಚಿಗಿ ಆದ್ರ ನಾ ಮೊದಲ ಕುಂದ್ರತೀನಿ," ಅಂದಾಕಿನ ಸೀರಿ ನಿರಿಗಿ ಒಟ್ಟು ಮಾಡ್ಕೊಂಡು ತಟ್ಟ್ಯಾಗ ಕುಂತ ಬಿಟ್ಳು. ತೂಕ ಮಾಡೋ ನಮ್ಮ ಆಳು ಹನಮಪ್ಪ ಇಪ್ಪತ್ತು ವರ್ಷದ ರೂಢಿ ಬಿಡದ ದೊಡ್ಡ ದನಿಲೆ ಒದರಿದ: "ನಾಕು ಮಣ, ಮೂರು ಶೇರು!" ಆಮ್ಯಾಲ ನಾಲಗಿ ಕಚಗೊಂಡ. ಇನ್ನ ನಾನು ಕುಂದ್ರದ ಇದ್ರ ಗಂಡಸ್ತನ ಎಲ್ಲಿ ಉಳೀತು?

ಹದಿನೈದು ದಿನ ಕಷಾಯ ಕುಡದ್ನಿ. ಕುಡದಷ್ಟಕ್ಕಿಂತ ಹೆಚ್ಚು ಹಿತ್ತಲಕ್ಕ ಓಡಾಡಿದ್ನಿ. ಬಾವು ಇಳೀತು, ಮೊದಲಿನ ಜೋಡು ಸಡಿಲಾದವು. ಕಾಲಾಗ ಕುಣಿ ಬೀಳೂದು ನಿಂತ ದಿನ ನಮ್ಮಾಕಿ ಒಂದು ಗೋಣಿಚೀಲದಾಗ ಹಳ್ಳದ ಒಣ ಉಸುಕು ತುಂಬಿಸಿ, ನನಗ ಸರಿ ತೂಗಿಸಿ, ಬಾಯಿ ಹೊಲದ್ಳು. "ಇದು ನೀವು ಚಲೋ ಇದ್ದಾಗಿನ ತೂಕ. ದಿನಾ ಮುಂಜಾನಿ ಪೂಜಿ ಮುಗಿಸಿ, ಬಾಯಾಗ ಹನಿ ನೀರು ಬೀಳೂಕಿಂತ ಮೊದಲ, ನೀವು ಒಂದು ಕಡೆ, ಇದು ಒಂದು ಕಡೆ. ನೀವು ಕೆಳಗಾದ್ರ ನೀರು ಏರೇತಿ ಅಂತ ಲೆಕ್ಕ. ಅವತ್ತ ನೀರು ಅರ್ಧಾ ತಂಬಿಗಿ, ಕಷಾಯ ಮೂರು ಹೊತ್ತು, ಪ್ಯಾಟಿ ಬಂದ್."

ಆ ಚೀಲಕ್ಕ ಹನಮಪ್ಪ "ಸಾವಕಾರ್ರ ತಮ್ಮ" ಅಂತ ಹೆಸರಿಟ್ಟ. ದಿನಾ ಮುಂಜಾನಿ ಅದನ್ನ ಹೊತ್ತು ತಟ್ಟ್ಯಾಗ ಇಡೋವಾಗ, "ಏಳಪಾ ತಮ್ಮಾ, ಅಣ್ಣ ಬಂದ್ರು," ಅಂತಿದ್ದ. ನಗಬ್ಯಾಡ್ರಿ! ಅದರ ಪುಣ್ಯಾದಿಂದ ನಾನು ಮತ್ತ ಮನಿಶ್ಯಾ ಆದ್ನಿ. ತೂಕ ಅರ್ಧಾ ಶೇರು ಏರಿದ್ರೂ ನಮ್ಮಾಕಿ ಅವತ್ತ ಹಿಡೀತಿದ್ಳು, ಎರಡು ದಿನದಾಗ ಇಳಸ್ತಿದ್ಳು. ಮಲಗಿದ್ರ ದಮ್ಮು ಇಲ್ಲ, ಗುಡಿ ತನಕ ಒಂದ ದಮ್ಮಿಗೆ ನಡೀತಿದ್ನಿ. ಆದ್ರ ಊಟದ ಮುಂದ ಕುಂತಾಗ ನನ್ನ ಬಾಯಿ ಸುಮ್ಮನಿರತಿದ್ದಿಲ್ಲ.

"ನೀವೆಲ್ಲಾ ಒಳಗ ರುಚಿರುಚಿ ಉಣ್ರಿ. ನನಗ ಇಲ್ಲಿ ಎರಿಮಣ್ಣು ಕಲಸಿ ನೀಡ್ರಿ!"

ಅಕಿ ರೊಟ್ಟಿ ಮ್ಯಾಲ ಇನ್ನಷ್ಟು ಬೆಣ್ಣಿ ಇಡತಿದ್ಳು.

ಹಿಂಗ ಇರೋವಾಗ ಗಜೇಂದ್ರಗಡದಿಂದ ಸುದ್ದಿ ಬಂತು. ತವರಿಗೆ ಹೋದ ನಮ್ಮ ಸೊಸಿ ರೇಣುಕವ್ವ ಗಂಡು ಹಡದಿದ್ಳು. ನನ್ನ ಮೊದಲನೇ ಮೊಮ್ಮಗ! ಬೀಗ ಕಳಕಪ್ಪ ಕಾರಹುಣ್ಣಿವಿ ಮರುದಿನ ತೊಟ್ಟಲದಾಗ ಹಾಕತೇವು, ಎಲ್ಲಾರೂ ಬರ್ರಿ ಅಂತ ಹೇಳಿ ಕಳಿಸಿದ್ದ. ನಾನು ಅವತ್ತ ಬಂಡಿ ಹೂಡ್ರಿ ಅಂದ್ನಿ. ನಮ್ಮಾಕಿ ತಡದ್ಳು. ಹಕೀಮರ್ನ ಕೇಳಿಸಿದ್ಳು. ಅವರು ಹೇಳಿದ್ದಿಷ್ಟು: "ಹಾದಿ ದೊಡ್ಡದು, ಬಂಡಿ ಕುಲಕಾಟ ಬ್ಯಾರೆ. ಹದಿನೈದು ದಿನ ಒಂದ ಸವನ ತೂಕ ನಿಂತ್ರ ಹೋಗ್ರಿ. ನಡುವ ಏರಿದ್ರ ಬ್ಯಾಡ. ಹಾದ್ಯಾಗ ದಮ್ಮು ಏರಿ ಏನರ ಆದ್ರ ನಾನೂ ಇರೂದಿಲ್ಲ, ಊರೂ ಇರೂದಿಲ್ಲ."

ಒಂದು, ಎರಡು, ಮೂರು... ಹನ್ನೊಂದು ದಿನ ನಾನೂ ನನ್ನ ತಮ್ಮನೂ ಸರಿಸಮ! ಸಪ್ಪನ ಊಟಾನೂ ಶ್ಲೋಕ ಅಂದಂಗ ಉಂಡ್ನಿ. ಮೊಮ್ಮಗನ್ನ ಹ್ಯಾಂಗ ಎತಗೋಬೇಕು ಅಂತ ತಲಿದಿಂಬು ಎತಗೊಂಡು ರೂಢಿ ಮಾಡಿದ್ನಿ.

ಹನ್ನೆರಡನೇ ದಿನ ಕುಮಟಾದಿಂದ ಉಪ್ಪಿನ ಬಂಡಿ ಬಂದವು.

ಈಗ ನಮ್ಮ ದಂಧೆದ ಮಾತು ಒಂದು ಹೇಳತೀನಿ ಕೇಳ್ರಿ. ಉಪ್ಪು ಇಳಸಿಗೊಳ್ಳೂ ಮುಂದ ಒಂದೊಂದು ಚೀಲದಾಗಿಂದೂ ಚಿಟಿಕಿ ತಗದು ನಾಲಗಿ ಮ್ಯಾಲ ಇಟ್ಟು ನೋಡಬೇಕು. ಮಣ್ಣು ಎಷ್ಟು, ಕಹಿ ಎಷ್ಟು, ಯಾವ ಉಪ್ಪಿನ ಆಗರದಾಗ ಬೆಳದದ್ದು, ಎಲ್ಲಾ ನಾಲಗೀನ ಹೇಳಬೇಕು. ನಮ್ಮಪ್ಪ ನೋಡ್ಯಾನ, ನಮ್ಮಜ್ಜ ನೋಡ್ಯಾನ. ಬಂಡಿಗೋಳ ಸಂಗಾಟ ಬಂದ ನನ್ನ ಮಗ, "ಅಪ್ಪಾ, ನಾ ನೋಡತೀನಿ," ಅಂದ. "ನಿನ್ನ ನಾಲಗಿಗೆ ಏನ್ ತಿಳೀತೈತಿ, ಸರಿ!" ಅಂತ ಅವನ್ನ ದಬ್ಬಿ, ನಾ ಮುಂದಾದ್ನಿ. ನಲವತ್ತು ಚೀಲ, ನಲವತ್ತು ಚಿಟಿಕಿ!

"ಏನ್ರಿ, ಉಪ್ಪು ತಿನ್ನಾಕ ಹತ್ತೀರೇನು?" ನಮ್ಮಾಕಿ ಬಾಗಲಾಗ ನಿಂತಿದ್ಳು.

"ತಿನ್ನೂದಲ್ಲ ಇದು, ಪರೀಕ್ಷಾ! ನಾಲಗಿ ಮ್ಯಾಲ ಇಟ್ಟದ್ದು ಊಟ ಅಲ್ಲ, ದಂಧೆ!"

ನನ್ನ ನಾಲಗಿಗೆ ಆ ಫರಕು ತಿಳಿದಿತ್ತು. ಹೊಟ್ಟಿಗೆ ತಿಳೀಲಿಲ್ಲ. ಎರಡು ತಿಂಗಳ ಉಪವಾಸದ ನಾಲಗಿ ರುಚಿ ಹತ್ತಿ ಹುಚ್ಚೆದ್ದು ಕುಣೀತು. ಬಂಡಿ ಹೊಡಿಯೋರ ಬುತ್ತಿಯೊಳಗಿನ ಮಾವಿನ ಉಪ್ಪಿನಕಾಯಿ ಒಂದು ಹೋಳು ಪರೀಕ್ಷಾ ಮಾಡಿದ್ನಿ. ಇನ್ನೊಂದು ಹೋಳೂ ಪರೀಕ್ಷಾ ಮಾಡಿದ್ನಿ. ಆಮ್ಯಾಲ ನೀರಡಿಕಿ ಹತ್ತೇತಲ್ಲ, ತಂಬಿಗಿ ಮ್ಯಾಲ ತಂಬಿಗಿ ಕುಡದ್ನಿ, ಹಿತ್ತಲ ನೀರಿನ ಹರವಿಗೆ ಬಾಯಿ ಹಚ್ಚೂದೊಂದು ಬಾಕಿ!

ಮರುದಿನ ಹೊತ್ತು ಹೊಂಡೂ ಮುಂದ ಎದ್ದು, ಹನಮಪ್ಪ ಬರೂಕಿಂತ ಮೊದಲ, ಒಬ್ಬನ ಗುಟ್ಟಾಗಿ ಕಲ್ಲು ಇಟ್ಟು ತೂಗಿಕೊಂಡ್ನಿ. ಎರಡು ಶೇರು ಏರಿತ್ತು! ತೊಟ್ಟಲ, ಮೊಮ್ಮಗ, ಗಜೇಂದ್ರಗಡ, ಎಲ್ಲಾ ಕಣ್ಣ ಮುಂದ ಬಂದು ಹೋದವು. ಆದ್ರ ಪ್ರಭುಲಿಂಗಪ್ಪ ಯಾರು? ತಕ್ಕಡಿ ಮುಂದ ಮೂವತ್ತು ವರ್ಷ ಕುಂತು, ಮಂದಿ ಮಾಡೋ ಎಲ್ಲಾ ಮೋಸ ಕಂಡಾಂವ! ಮಂದೀದು ಹಿಡಿದು ಹಿಡಿದು ಬ್ಯಾಸರಾಗಿತ್ತು, ಒಮ್ಮೆ ನಾನ ಮಾಡಿದ್ರ ಹ್ಯಾಂಗ? ಚೀಲದ ಮೂಲಿ ಹೊಲಿಗಿ ಎರಡು ಬಟ್ಟು ಬಿಚ್ಚಿ, ಬಾಜೂಕ ಇದ್ದದ್ದು ಏನೈತಿ ನೋಡಿದ್ನಿ. ಉಪ್ಪು ಇತ್ತು. ಎರಡು ಶೇರು ಉಪ್ಪು ಉಸುಕಿನಾಗ ಸುರುವಿ, ಹೊಲಿಗಿ ಹಾಕಿ, ಪೂಜಿಗೆ ಕುಂತ್ನಿ. ಅವತ್ತಿನ ಪೂಜಿ ಶಿವಗ ಮುಟ್ಟಿರಾಕಿಲ್ಲ ಬಿಡ್ರಿ.

ತಕ್ಕಡಿ ಸರಿ ನಿಂತಿತು! "ಹದಿಮೂರು," ಅಂದ್ಳು ನಮ್ಮಾಕಿ, ನಕ್ಕೋತ. ಆ ನಗಿ ನೋಡಿ ನಾಚಿಗಿ ಬರಬೇಕಿತ್ತು. ನನಗ ಧೈರ್ಯ ಬಂತು. ಅವತ್ತ ಮಧ್ಯಾಹ್ನ ಅಂಗಡ್ಯಾಗ ಕುಂತು ಹುರದ ಸಂಡಿಗಿ ತರಿಸಿ ತಿಂದ್ನಿ. ಮರುದಿನ ತಮ್ಮಗ ಮತ್ತ ಮೂರು ಶೇರು ಉಪ್ಪು.

ಅವನ್ನ ಎತ್ತೂ ಮುಂದ ಹನಮಪ್ಪ ನಡಾ ಹಿಡಕೊಂಡ. "ಸಾವಕಾರ್ರ, ತಮ್ಮ ಯಾಕೋ ಭಾರ ಆಗ್ಯಾನ್ರಿ."

"ಅಂವ ಭಾರ ಆಗಿಲ್ಲೋ, ನಿನಗ ವಯಸ್ಸಾತು."

ಪಾಪ, ಅಂವ ಅದನ್ನ ನಂಬಿ, ಹಕೀಮರ ಕಡೆ ನಡಕ್ಕ ಎಣ್ಣಿ ಕೇಳಬೇಕು ಅಂತ ಮಾತಾಡಿಕೋತ ಹ್ವಾದ. ಇತ್ತ ನನ್ನ ಕಾಲು ಬಾತು ಜೋಡಿನಾಗ ಹಿಡೀವಲ್ವು. ಉದ್ದನ ಧೋತರ ಇಳಿಬಿಟ್ಟು ಮುಚ್ಚಿದ್ನಿ. ಮಾತಾಡೂ ಮುಂದ ದಮ್ಮು ಹತ್ತಿದ್ರ, "ಮುಗಲು ಕಟ್ಟೇತಿ, ಗಾಳಿ ಇಲ್ಲ," ಅಂತಿದ್ನಿ. ಮುಗಲು ಖರೇನ ಕಟ್ಟಿತ್ತು. ಅವತ್ತ ಸಂಜಿಗೆ ಮಿರಗದ ಮಳಿ ಹಿಡೀತು. ತಮ್ಮ ಕುಂತಿದ್ದ ಪಡಸಾಲಿ ಅಂಚಿಗೆ ಎರಚಲು ಹೊಡೀತು.

ಹದಿನೈದನೇ ದಿನ, ಕಡೀ ದಿನ! ನಾನು ತಟ್ಟ್ಯಾಗ ಕುಂತ್ನಿ. ಹನಮಪ್ಪ ಏದಿಕೋತ ತಮ್ಮನ್ನ ತಂದು ಆಚೆ ತಟ್ಟ್ಯಾಗ ಇಟ್ಟ. ಇಟ್ಟದ್ದ ತಡ, ನಾನು ಕುಂತ ತಟ್ಟಿ ಸರ್ರನೆ ಮ್ಯಾಲ ಹ್ವಾತು! ಒದ್ದಿಗಾಳಿಗೆ, ಎರಚಲಿಗೆ ಆ ಉಪ್ಪು ನೀರು ಹೀರಿಕೊಂಡು ತಮ್ಮನ್ನ ಇನ್ನಷ್ಟು ಭಾರ ಮಾಡಿತ್ತು. ಅದು ನನಗೂ ಆವಾಗ ತಿಳೀಲಿಲ್ಲ. ನಾನು ಮ್ಯಾಲ ಜೋತಾಡಿಕೋತ ಕಾಲು ಬಡದ್ನಿ.

ನಮ್ಮಾಕಿ ಎದಿ ಮ್ಯಾಲ ಕೈ ಇಟಗೊಂಡ್ಳು. "ಶಿವನ! ಒಂದ ದಿನದಾಗ ಇಷ್ಟು ಸೊರಗೀರೇನ್ರಿ?" ಆಮ್ಯಾಲ ನನ್ನ ಹತ್ರ ಬಂದು ಮಾರಿ ನೋಡಿದ್ಳು. "ತಕ್ಕಡಿ ಸೊರಗ್ಯಾರ ಅಂತೈತಿ, ಮಾರಿ ಕುಂಬಳಕಾಯಿ ಆಗೇತಿ! ಏನಿದು?"

"ಮಾರಿ... ನಿದ್ದಿ ಹೆಚ್ಚಾಗೇತಿ," ಅಂದ್ನಿ.

"ಇವತ್ತಿನ ದಿನ ನಾ ಹಿಡಿಯೂದಿಲ್ಲ. ನಾಳೆ ಸಂತಿ, ಹಕೀಮರು ಬರ್ತಾರ. ಅವರ ಮುಂದ ತೂಗೂಣು."

ಈಗ ನೋಡ್ರಿ ಫಜೀತಿ! ಮೊದಲು ತಮ್ಮನ್ನ ದಪ್ಪ ಮಾಡಿದ್ನಿ, ಈಗ ಅಣ್ಣನ್ನ ದಪ್ಪ ಮಾಡಬೇಕು. ಚೀಲದಾಗಿಂದ ಉಪ್ಪು ತಗೀಬೇಕಂದ್ರ ನಮ್ಮಾಕಿ ಅವತ್ತ ಪಡಸಾಲಿ ಬಿಟ್ಟು ಕದಲಲಿಲ್ಲ. ಮರುದಿನ ಮುಂಜಾನಿ ಎರಡು ಶೇರಿನ ಕಬ್ಬಿಣದ ಗುಂಡು ಒಂದು ತಗೊಂಡು ಸೊಂಟದಾಗ ಸಿಗಿಸಿದ್ನಿ. ಇನ್ನೊಂದನ್ನ ಎಲ್ಲಿ ಇಡೂದು? ಪಟಗಾದಾಗ ಸುತ್ತಿದ್ನಿ. ತಲಿ ಮ್ಯಾಲ ಎರಡು ಶೇರು ಕಬ್ಬಿಣ, ಕಾಲಾಗ ಎಷ್ಟೋ ಶೇರು ನೀರು. ಗೋಣು ಸೆಟಸಿ ನಾನು ನಡದು ಬಂದದ್ದು ನೋಡಿ ಫಕ್ರುಸಾಬರು, "ಸಾವಕಾರ್ರು ಇವತ್ತ ಭಾಳ ಗತ್ತಿನಾಗ ಅದಾರ," ಅಂದ್ರು.

ಕುಂತ್ನಿ. ಹನಮಪ್ಪ ತಮ್ಮನ್ನ ಇಟ್ಟ. ತಕ್ಕಡಿ ಅತ್ತಿತ್ತ ತೂಗಾಡಿ ಸರಿ ನಿಂತಿತು! ನಮ್ಮಾಕಿ ಉಸಿರು ಬಿಟ್ಳು. ನಾನೂ ಬಿಡಬೇಕು ಅಂದ್ನಿ, ಬರಲಿಲ್ಲ.

ಹಕೀಮರು ನನ್ನ ಎದಿಗೆ ಕಿವಿ ಹಚ್ಚಾಕ ಬಗ್ಗಿದ್ರು. "ದೊಡ್ಡದಾಗಿ ಉಸಿರು ಎಳೀರಿ."

ಎಳದ್ನಿ. ಕೆಮ್ಮು ಬಂತು. ತಲಿ ಮುಂದ ಬಾಗ್ತು, ಪಟಗಾ ಜಾರ್ತು, ಗುಂಡು ಜಾರ್ತು! ಸೀದಾ ಹನಮಪ್ಪನ ಹೆಬ್ಬಟ್ಟಿನ ಮ್ಯಾಲ! "ಸತ್ನ್ಯೋ ಯಪ್ಪಾ!" ಅಂತ ಅಂವ ಒಂಟಿ ಕಾಲಿಲೆ ಕುಣದು, ಬೀಳೂದು ಬಿದ್ದ, ತಮ್ಮನ ಮ್ಯಾಲ ಬಿದ್ದ. ನಾ ಹಾಕಿದ ಹೊಲಿಗಿ ಪರ್ರನೆ ಹರೀತು. ತಮ್ಮನ ಹೊಟ್ಟಿಯೊಳಗಿಂದ ಬೂದು ಬಣ್ಣದ ರಾಡಿ ಪಡಸಾಲಿ ತುಂಬ ಹರಕೊಂಡು ಬಂತು.

ಹನಮಪ್ಪ ಸೈತ ನರಳೂದು ಬಿಟ್ಟು ನೋಡಿದ. ನಮ್ಮಾಕಿ ಬಗ್ಗಿ, ಆ ರಾಡ್ಯಾಗ ಒಂದು ಬಟ್ಟು ಅದ್ದಿ, ನಾಲಗಿ ಮ್ಯಾಲ ಇಟ್ಟಳು.

"ಏ, ಅದನ್ನ ತಿನ್ನಬ್ಯಾಡ!" ಅಂದ್ನಿ.

"ತಿಂದಿಲ್ರಿ, ಪರೀಕ್ಷಾ ಮಾಡೀನಿ," ಅಂದ್ಳು. "ನಮ್ಮ ಅಂಗಡೀದ. ಕುಮಟಾ ಉಪ್ಪು."

ಫಕ್ರುಸಾಬರು ಆ ಹಸಿ ಚೀಲ ಎತ್ತಿ ಹಿಂಡಿದ್ರು. ತಟತಟ ಅಂತ ನೀರು ಬಿದ್ದವು. "ನೋಡ್ರಿ ಸಾವಕಾರ್ರ, ನಾನು ನೂರು ಸಲ ಹೇಳಿದ್ರೂ ತಿಳಿಯಲಾ‍ರದ್ದನ್ನ ನಿಮ್ಮ ತಮ್ಮ ತೋರಿಸ್ಯಾನ. ಉಪ್ಪು ಹೊಕ್ಕಲ್ಲಿ ನೀರು ಬೆನ್ನತ್ತಿ ಬರ್ತೈತಿ. ಈ ಚೀಲಕ್ಕ ಕಾಲು ಇದ್ದಿದ್ರ ಅವೂ ಬಾತಿರತಿದ್ದವು."

ನಾನು ಏನೋ ಠೀವಿಯಿಂದ ಹೇಳಬೇಕು ಅಂತ ಬಾಯಿ ತೆರದ್ನಿ. ಮಾತು ಬರಲಿಲ್ಲ, ಉಸಿರೂ ಬರಲಿಲ್ಲ. ಇನ್ನ ಮುಂದಿಂದು ನಗೂ ಮಾತಲ್ರಿ. ನೀರಾಗ ಮುಳುಗಿದಾಂವನಂಗ ಬಾಯಿ ತೆರದು ಗಾಳಿ ಹುಡಕಿದ್ನಿ. ತುಟಿ ನೀಲಿ ಆಗಿತ್ತಂತ. ಆವಾಗ ಖರೇನ ಅಂಜಿದ್ನಿ. ಇಷ್ಟ ಆತು, ಮೊಮ್ಮಗನ ಮಾರಿ ನೋಡಲಿಲ್ಲ ಅಂತ ಅನಿಸ್ತು.

ನಮ್ಮಾಕಿ ಒಂದ ಮಾತು ಬೈಯಲಿಲ್ಲ. "ಹನಮಪ್ಪ, ಎರಡು ಅಂಡಗಿ ತಾ," ಅಂದ್ಳು. ನನ್ನ ನೆಟ್ಟಗ ಕುಂದ್ರಿಸಿ, ಬೆನ್ನಿಗೆ ಅಂಡಗಿ ಕೊಟ್ಟು, ಕಾಲು ಕೆಳಗ ಇಳಿಬಿಡಿಸಿದ್ಳು. ಅಂಗಿ ಕಸಿ ಬಿಚ್ಚಿದ್ಳು. ಸೊಂಟದಾಗಿನ ಗುಂಡು ಕೈಗೆ ಹತ್ತಿತು. ಅದನ್ನ ಸುಮ್ಮನ ತಗದು ಬಾಜೂಕ ಇಟ್ಟಳು. ಹಕೀಮರು ಒಲಿ ಮುಂದ ತಾವ ಕುಂತು ಕಷಾಯ ಕಾಸಿದ್ರು. ಸಂಜಿ ತನಕ ಅಕಿ ನನ್ನ ಬೆನ್ನು ನೀವಿಕೋತ, "ಸಾವಕಾಶ... ಇನ್ನೊಂದು... ಹಾಂ, ಇನ್ನೊಂದು," ಅಂತ ಒಂದೊಂದು ಉಸಿರೂ ಎಣಿಸಿಕೋತ ಕುಂತಿದ್ಳು. ನಾನು ಬದುಕಿದ್ದು ಕಷಾಯದಿಂದ ಅಂತ ಹಕೀಮರು ಹೇಳತಾರ. ನನಗ ಗೊತ್ತೈತಿ ಯಾರಿಂದ ಅಂತ.

ಕಾರಹುಣ್ಣಿವಿ ಬಂತು, ಹ್ವಾತು. ಗಜೇಂದ್ರಗಡಕ್ಕ ಹೋಗಲಿಲ್ಲ. ಕಳಕಪ್ಪ ದೊಡ್ಡ ಮನಸಿನ ಮನಿಶ್ಯಾ. "ಅಜ್ಜನ್ನ ಬಿಟ್ಟು ತೊಟ್ಟಲ ಬ್ಯಾಡ, ಶ್ರಾವಣದಾಗ ಹಾಕೂಣು," ಅಂತ ಹೇಳಿ ಕಳಿಸಿದ. ನಾನು ಮಕ್ಕಳಂಗ ಸುಮ್ಮನ ಕಷಾಯ ಕುಡದ್ನಿ, ಸಪ್ಪನ ರೊಟ್ಟಿ ಉಂಡ್ನಿ. ಕಾಲಾಗ ಮತ್ತ ಕುಣಿ ಬೀಳೂದು ನಿಂತಿತು.

ಅವತ್ತ ನಾನ ಕೇಳಿದ್ನಿ: "ಹೊಸಾ ಚೀಲ ಹೊಲೀತಿ ಏನು?"

"ಚೀಲದ ಹೊಲಿಗಿ ನಿಮಗ ಬಿಚ್ಚಾಕ ಬರ್ತೈತಿ. ಈ ಸಲ ಎದರು ತಟ್ಟ್ಯಾಗ ನಾನ ಕುಂದ್ರತೀನಿ. ಕಮ್ಮಿ ಬಿದ್ದಷ್ಟಕ್ಕ ಹನಮಪ್ಪ ಕಲ್ಲು ಇಡತಾನ. ನನ್ನೊಳಗ ಹ್ಯಾಂಗ ಉಪ್ಪು ತುಂಬತೀರಿ ನೋಡೂಣು!"

ಅಕಿ ಕುಂತ್ಳು. ಹೆಬ್ಬಟ್ಟಿಗೆ ಅರಿವಿ ಸುತಗೊಂಡ ಹನಮಪ್ಪ ಕಲ್ಲು ಇಟ್ಟ, ತಗದ, ಮತ್ತ ಇಟ್ಟ. ಆಮ್ಯಾಲ ತಲಿ ಕೆರಕೊಂಡ.

"ಅವ್ವಾರ, ಯುಗಾದಿಗೆ ನಾಕು ಮಣ ಮೂರು ಶೇರು ಇದ್ರಿ. ಈಗ ಬರೇ ನಾಕು ಮಣ. ಮೂರು ಶೇರು ಎಲ್ಲಿ ಹ್ವಾದವ್ರಿ?"

"ನನ್ನ ಬೈಯೋದ್ರಾಗ ಕರಗಿರಬೇಕು!" ಅಂತ ನಾ ನಕ್ನಿ.

ಹನಮಪ್ಪ ನಗಲಿಲ್ಲ. "ಇನ್ನೇನ್ ಆಗ್ತೈತ್ರಿ ಸಾವಕಾರ್ರ? ಯುಗಾದಿಯಿಂದ ಈ ಮನಿ ಅಡಗ್ಯಾಗ ಉಪ್ಪ ಇಲ್ರಿ. ನಾ ಊಟಕ್ಕ ಬರೂ ಮುಂದ ಸೊಂಟದಾಗ ಉಪ್ಪಿನ ಪುಡಿಕಿ ಇಟಗೊಂಡ ಬರ್ತೀನಿ. ಅವ್ವಾರ ಮುಂದ ಹಿಡದ್ರ ಅವರು ಅದನ್ನೂ ಮುಟ್ಟೂದಿಲ್ಲ. ರೊಟ್ಟಿನ ಅರ್ಧಾ ಬಿಟ್ಟು ಏಳತಾರ."

ಯುಗಾದಿಯಿಂದ! ನಾನು "ಒಳಗ ರುಚಿರುಚಿ ಉಣ್ರಿ" ಅಂತ ಒದರತಿದ್ದ ಒಂದೊಂದು ಊಟಾನೂ ನೆನಪಾತು. ಆಕಿ ಉತ್ತರ ಕೊಡದ ಬೆಣ್ಣಿ ಇಟ್ಟದ್ದು ನೆನಪಾತು.

"ಯಾಕ ಹೇಳಲಿಲ್ಲ?"

ಆಕಿ ತಟ್ಟ್ಯಾಗ ಕುಂತಲ್ಲೇ ಸೆರಗು ಸರಿ ಮಾಡ್ಕೊಂಡ್ಳು. "ಹೇಳೂದೇನೈತಿ? ನಿಮಗೊಂದು ಒಲಿ, ನಮಗೊಂದು ಒಲಿ ಅಂತ ಎರಡು ಹಚ್ಚಲೇನು? ಕಟ್ಟಿಗಿ ದಂಡ."

ಹತ್ತಿಯೊಳಗಿನ ನೀರು ಕಣ್ಣು ಮುಚ್ಚಿ ಹಿಡಿಯಾಂವ ನಾನು! ನನ್ನ ಮನ್ಯಾಗ, ನನ್ನ ಗಂಗಾಳದ ಮುಂದ ಕುಂತಾಕಿ ಮೂರು ಶೇರು ಇಳದದ್ದು ಕಣ್ಣು ತೆರದೂ ಕಾಣಲಿಲ್ಲ. ನಾಚಿಗಿ ಆತು, ಹೆಮ್ಮಿ ಆತು, ಎರಡೂ ಕೂಡಿ ಕಣ್ಣು ತುಂಬಿ ಹರದವು.

ಆಚೆ ತಟ್ಟ್ಯಾಗಿಂದ ಅಕಿ ಅಂದ್ಳು: "ಅಳ್ರಿ, ಅಳ್ರಿ. ಅಷ್ಟು ನೀರರ ಕಮ್ಮಿ ಆಗ್ಲಿ."

ಮುಂದ ಹದಿನೈದು ದಿನ ಗಂಡ ಹೆಂಡತಿ ದಿನಾ ಮುಂಜಾನಿ ತಕ್ಕಡ್ಯಾಗ ಎದರಾಬದರ ಕುಂತ್ವಿ. ಹಿಂಗ ಮಾರಿಗೆ ಮಾರಿ ಹಚ್ಚಿ ನಾವು ಮದವಿ ದಿನಾನೂ ಕುಂತಿದ್ದಿಲ್ಲ. ಪ್ಯಾಟಿ ಮಂದಿ ಖರೇನ ನೋಡಿ ನಕ್ಕರು. ನಗಲಿ ಬಿಡ್ರಿ! ಹದಿನೈದಕ್ಕ ಹದಿನೈದು ದಿನ ತಕ್ಕಡಿ ಕೂದಲೆಳಿಯಷ್ಟೂ ಅಲಗಲಿಲ್ಲ. ಒಂದು ಚಿಟಿಕಿನೂ ಪರೀಕ್ಷಾ ಇಲ್ಲ, ಉಪ್ಪಿನ ಬಂಡಿ ಬಂದ್ರ ಮಗನ್ನ ಮುಂದ ಮಾಡಿ ನಾನು ಹಿತ್ತಲಕ್ಕ ಹೋಗತಿದ್ನಿ.

ಶ್ರಾವಣದಾಗ ಬಂಡ್ಯಾಗ ಅಂಡಗಿಗೆ ಆತು ಕುಂತು, ಸಾವಕಾಶ ಗಜೇಂದ್ರಗಡ ಮುಟ್ಟಿದ್ವಿ. ಬೀಗತಿ ಎಲಿ ತುಂಬ ಏನೇನೋ ನೀಡಾಕ ಬಂದ್ಳು, ನಾನ ಕೈ ಅಡ್ಡ ಹಿಡದ್ನಿ. ನಮ್ಮಾಕಿ ನನ್ನ ಕಡೆ ನೋಡಿ ಒಂದು ಸಣ್ಣ ನಗಿ ನಕ್ಕಳು. ಆ ನಗಿ ಮುಂದ ಯಾ ಉಪ್ಪಿನಕಾಯಿ ಏನ್ರಿ! ನನ್ನ ಮಗಳು ನೀಲವ್ವ ಸೋದರತ್ತಿ ಆಗಿ ಕೂಸಿನ ಕಿವ್ಯಾಗ ಗುರುಸಂಗಪ್ಪ ಅಂತ ಹೆಸರು ಊದಿದ್ಳು. ಆಮ್ಯಾಲ ಅವನ್ನ ತಂದು ನನ್ನ ತೊಡಿ ಮ್ಯಾಲ ಹಾಕಿದ್ರು. ತಲಿದಿಂಬಿನ ಮ್ಯಾಲ ಕಲಿತ ವಿದ್ಯಾ ಒಂದೂ ಉಪಯೋಗಕ್ಕ ಬರಲಿಲ್ಲ. ಅಂವ ಕೈಯಾಗ ಮೀನಿನಂಗ ಜಾರತಾನ. ಆದ್ರೂ ಹಿಡದ್ನಿ. ನನ್ನ ದಣದ ಎದಿಗೆ ಅವನ್ನ ಆನಿಸಿಕೊಂಡು, ಬೀಗರು, ಬಿಜ್ಜರು ಎಲ್ಲಾರೂ ಕೇಳೂ ಹಾಂಗ ದೊಡ್ಡ ದನಿಲೆ ಸಾರಿದ್ನಿ: "ನೋಡೋ ಮೊಮ್ಮಗನ! ನಿಮ್ಮಜ್ಜ ಉಪ್ಪು ಗೆದ್ದ, ನೀರು ಗೆದ್ದ! ಈ ರೋಣದ ಪ್ರಭುಲಿಂಗಪ್ಪನ್ನ ಇನ್ನ ನೀರು ಮುಟ್ಟೂದಿಲ್ಲ!"

ತೊಡಿ ಬೆಚ್ಚಗಾತು. ಆಮ್ಯಾಲ ಧೋತರ ಹಸಿ ಆತು. ಮೊಮ್ಮಗ ನನ್ನ ಮಾರಿ ನೋಡಿಕೋತ ಆರಾಮ ನಕ್ಕ.

ಇಡೀ ಮನಿ ನಗಾಕ ಹತ್ತಿತು. ನಮ್ಮಾಕಿ ಮಾತ್ರ ನಗಲಿಲ್ಲ. ಹಸಿ ಧೋತರ ಬಟ್ಟಿಲೆ ಮುಟ್ಟಿ ನೋಡಿ, ತಕ್ಕಡಿ ಮುಂದ ನಿಂತಾಗಿನ ದನ್ಯಾಗ ಅಂದ್ಳು:

"ನಾಳೆ ತೂಕ ಹೆಚ್ಚ ಬಂದ್ರ ಕೂಸಿನ ಮ್ಯಾಲ ಹಾಕಬ್ಯಾಡ್ರಿ ಮತ್ತ!"